ಅಪ್‌ಗ್ರೇಡ್ ವಿಫಲವಾದರೆ ಫಾರ್ಮ್ಯಾಟ್ ಮೊದಲ ಮದ್ದಾಗಬಾರದು

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ನೋಂದಾಯಿಸಿಕೊಂಡ ಗೃಹಬಳಕೆದಾರರಿಗೆ ಮತ್ತೊಂದು ವರ್ಷ ಭದ್ರತಾ ಅಪ್‌ಡೇಟ್‌ಗಳನ್ನು ಒದಗಿಸುವ ಏರ್ಪಾಡನ್ನು ಕಂಪನಿ ಪ್ರಕಟಿಸಿತಾದರೂ, ಹಳೆಯ ಕಂಪ್ಯೂಟರ್ ಇಟ್ಟುಕೊಂಡವರು ಇಂದಲ್ಲ ನಾಳೆ ವಿಂಡೋಸ್ 11ಕ್ಕೋ ಬೇರೊಂದು ಆಪರೇಟಿಂಗ್ ಸಿಸ್ಟಂಗೋ ಹೋಗಲೇಬೇಕಾಗಿದೆ. ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಈ ಬದಲಾವಣೆ ಸದ್ದಿಲ್ಲದೆ ಮುಗಿಯುತ್ತದೆ. ಮುಗಿಯದೇ ಹೋದಾಗ ಏನಾಗುತ್ತಿದೆ ಎಂಬುದನ್ನು ಓದುಗರ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ. ಕಂಪ್ಯೂಟರ್‌ಗಳ ನಿರ್ವಹಣೆ ನನ್ನ ವೃತ್ತಿ. ಅಪ್‌ಗ್ರೇಡ್ ಅರ್ಧಕ್ಕೆ ನಿಂತಿತು ಅಥವಾ ಹಿಂದಕ್ಕೆ ಬಂತು ಎಂದೊಡನೆ ‘ಫಾರ್ಮ್ಯಾಟ್ ಮಾಡಿಬಿಡೋಣ’, ಅಂದರೆ ಡಿಸ್ಕನ್ನು ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕೋಣ, ಎಂಬ ಮಾತು ಬರುವುದನ್ನೂ, ಬೇರೆ ದಾರಿಯಿಲ್ಲವೆಂದು ನಂಬಿ ಕಂಪ್ಯೂಟರಿನ ಒಡೆಯರು ಅದಕ್ಕೆ ಒಪ್ಪಿಬಿಡುವುದನ್ನೂ ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಮಕ್ಕಳ ಫೋಟೊಗಳು, ವರ್ಷಗಳ ಲೆಕ್ಕಪತ್ರ, ಅರ್ಧ ಬರೆದ ಪ್ರಬಂಧ, ಪರವಾನಗಿ ಕೀ ಎಲ್ಲಿದೆಯೆಂದು ಯಾರಿಗೂ ನೆನಪಿಲ್ಲದ ತಂತ್ರಾಂಶ, ಎಲ್ಲವೂ ಹೀಗೆ ಒಂದೇ ಏಟಿಗೆ ಅಳಿದುಹೋಗುತ್ತವೆ. ಇವುಗಳಲ್ಲಿ ಬಹುಪಾಲನ್ನು ಕಳೆದುಕೊಳ್ಳಬೇಕಾದ ಅಗತ್ಯವೇ ಇರಲಿಲ್ಲ ಎಂಬುದು ನನ್ನನ್ನು ಈ ಪತ್ರ ಬರೆಯಲು ಹಚ್ಚಿದೆ.

ಅಪ್‌ಗ್ರೇಡ್ ವಿಫಲವಾಯಿತೆಂದರೆ ಕಂಪ್ಯೂಟರ್ ಕೆಟ್ಟಿತೆಂದು ಅರ್ಥವಲ್ಲ. ವಿಂಡೋಸ್ ಅಪ್‌ಗ್ರೇಡ್ ನಾಲ್ಕು ಹಂತಗಳಲ್ಲಿ ನಡೆಯುತ್ತದೆ. ಹಳೆಯ ವಿಂಡೋಸ್ ಚಾಲನೆಯಲ್ಲಿರುವಾಗಲೇ ಅರ್ಹತೆಯ ಪರೀಕ್ಷೆ, ಡೌನ್‌ಲೋಡ್, ಜಾಗದ ಲೆಕ್ಕಾಚಾರ ನಡೆಯುವುದು ಮೊದಲ ಹಂತ. ಆಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ‘ಸೇಫ್ ಓಎಸ್’ ಎಂದು ಕರೆಯುವ ಪುಟ್ಟ ತಾತ್ಕಾಲಿಕ ವ್ಯವಸ್ಥೆಯೊಂದರ ನೆರವಿನಿಂದ ಹಳೆಯದನ್ನು ಬದಿಗಿರಿಸಿ ಹೊಸದನ್ನು ಅದರ ಜಾಗದಲ್ಲಿ ಕೂರಿಸುವುದು ಎರಡನೆಯದು. ಹೊಸ ವ್ಯವಸ್ಥೆ ಮೊದಲ ಬಾರಿಗೆ ಬೂಟ್ ಆಗಿ (ಚಾಲೂ ಆಗಿ) ಯಂತ್ರದ ಭಾಗಗಳಿಗೆ ಡ್ರೈವರ್‌ಗಳನ್ನು (ಆ ಭಾಗಗಳನ್ನು ನಡೆಸುವ ಪುಟ್ಟ ತಂತ್ರಾಂಶಗಳನ್ನು) ಹೊಂದಿಸಿಕೊಳ್ಳುವುದು ಮೂರನೆಯದು. ನಾಲ್ಕನೆಯ ಹಂತದಲ್ಲಿ ಇನ್ನೊಮ್ಮೆ ಬೂಟ್ ಆಗಿ ಬಳಕೆದಾರರ ಖಾತೆ, ಕಡತ, ಸೆಟ್ಟಿಂಗ್‌ಗಳು ಹೊಸ ವ್ಯವಸ್ಥೆಗೆ ವರ್ಗವಾಗುತ್ತವೆ. ಎಲ್ಲೇ ಎಡವಿದರೂ ಹಿಂದಿನ ವಿಂಡೋಸನ್ನು ಇದ್ದಂತೆಯೇ ಮರಳಿಸುವ ಏರ್ಪಾಡು ಇದರೊಳಗೇ ಇದೆ. ಆದ್ದರಿಂದ ‘ಹಿಂದಿನ ಆವೃತ್ತಿಗೆ ಮರಳಲಾಗುತ್ತಿದೆ’ ಎಂಬ ಸಾಲು ಕಂಡಾಗ ಗಾಬರಿಯಿಂದ ಪವರ್ ಬಟನ್ ಒತ್ತಿ ಹಿಡಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಆಗ ನಡೆಯುತ್ತಿರುವುದು ರಕ್ಷಣಾ ಕಾರ್ಯ. ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರಗಳಲ್ಲಿ ಅದು ಗಂಟೆಗಟ್ಟಲೆ ಹಿಡಿಯಬಹುದು. ಡಿಸ್ಕಿನ ದೀಪ ಮಿನುಗುತ್ತಿರುವವರೆಗೂ, ಚಾರ್ಜರ್ ತೆಗೆಯದೆ, ಕಾಯುವುದೇ ಸರಿ.

ವಿಫಲವಾದಾಗ ಪರದೆಯ ಮೇಲೆ ಬರುವ ಸಂಖ್ಯೆಯನ್ನು ಜನ ನೋಡಿಯೂ ನೋಡದಂತೆ ಮುಚ್ಚಿಬಿಡುತ್ತಾರೆ. ಅದನ್ನು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡರೂ ಅರ್ಧ ಕೆಲಸ ಮುಗಿದಂತೆ. ಈ ಸಂಖ್ಯೆಗೆ ಹಲವು ಬಾರಿ ಎರಡು ಭಾಗಗಳಿರುತ್ತವೆ. ಆರಂಭದ ‘ಸೊನ್ನೆ ಎಕ್ಸ್’ ಬಿಟ್ಟು ಓದಿದರೆ ಮೊದಲ ಭಾಗ ದೋಷದ ಬಗೆಯನ್ನು ಹೇಳುತ್ತದೆ: 80070070 ಎಂದರೆ ಡಿಸ್ಕಿನಲ್ಲಿ ಜಾಗ ಸಾಲದು, ಸಿ1900101 ಎಂದರೆ ಸಾಮಾನ್ಯವಾಗಿ ಯಾವುದೋ ಡ್ರೈವರಿನ ತಕರಾರು, ಸಿ1900208 ಎಂದರೆ ಹೊಂದಿಕೆಯಾಗದ ತಂತ್ರಾಂಶವೊಂದು ಅಡ್ಡ ನಿಂತಿದೆ, ಸಿ1900200 ಎಂದರೆ ಯಂತ್ರಕ್ಕೆ ಕನಿಷ್ಠ ಅರ್ಹತೆಯಿಲ್ಲ. ಎರಡನೆಯ ಭಾಗದ ಮೊದಲ ಅಂಕಿ ಎಡವಿದ ಹಂತವನ್ನು ಸೂಚಿಸುತ್ತದೆ. 20017 ಎಂದಿದ್ದರೆ ಎರಡನೆಯ ಹಂತ, 30018 ಎಂದಿದ್ದರೆ ಮೂರನೆಯದು, 4000ಡಿ ಎಂದಿದ್ದರೆ ನಾಲ್ಕನೆಯದು. ಇಷ್ಟು ತಿಳಿದರೆ ಎಲ್ಲಿ ಹುಡುಕಬೇಕೆಂಬುದು ಅರ್ಧದಷ್ಟು ಗೊತ್ತಾಗಿಬಿಡುತ್ತದೆ. ಇದಲ್ಲದೆ ಅಪ್‌ಗ್ರೇಡ್ ತಂತ್ರಾಂಶ ತನ್ನ ಪ್ರತಿ ಹೆಜ್ಜೆಯನ್ನೂ ಸೆಟಪ್ ಲಾಗ್‌ಗಳೆಂಬ ದಾಖಲೆ ಕಡತಗಳಲ್ಲಿ ಬರೆದಿಡುತ್ತದೆ. ಅವನ್ನು ಓದಿ ಕಾರಣವನ್ನು ಹೆಕ್ಕಿ ಕೊಡುವ ‘ಸೆಟಪ್‌ಡಯಾಗ್’ ಎಂಬ ಸಲಕರಣೆಯನ್ನೂ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುತ್ತದೆ.

ಒಂದು ನಿದರ್ಶನ ಕೊಡುತ್ತೇನೆ. ಪರಿಚಿತರೊಬ್ಬರ ಲ್ಯಾಪ್‌ಟಾಪಿನಲ್ಲಿ ಅಪ್‌ಗ್ರೇಡ್ ರೀಸ್ಟಾರ್ಟ್ ಆಗುವವರೆಗೆ ಸರಾಗವಾಗಿ ಸಾಗಿ, ಕಪ್ಪು ಪರದೆಯ ಮೇಲೆ ಚುಕ್ಕಿಗಳು ತಿರುಗುತ್ತಿದ್ದಂತೆಯೇ ನಿಂತು, ಕೊನೆಗೆ ಹಳೆಯ ವಿಂಡೋಸ್‌ಗೇ ಮರಳುತ್ತಿತ್ತು. ಫಾರ್ಮ್ಯಾಟ್ ಬಿಟ್ಟರೆ ಗತ್ಯಂತರವಿಲ್ಲವೆಂದು ಅವರಿಗೆ ಆಗಲೇ ಸಲಹೆ ಸಿಕ್ಕಿತ್ತು. ಪರದೆಯ ಮೇಲಿದ್ದದ್ದು ಸಿ1900101, ಅದರ ಪಕ್ಕದಲ್ಲಿ 30018. ಡ್ರೈವರಿನ ತಕರಾರು, ಮೊದಲ ಬೂಟ್‌ನ ಹಂತ. ಲಾಗ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಕೆಳಗಿನಿಂದ ಮೇಲಕ್ಕೆ ಓದುತ್ತ ಹೋದಾಗ, ನೆಟ್‌ವರ್ಕ್ ಡ್ರೈವರ್ ಒಂದರ ಹೆಸರು ಎದುರಾಯಿತು. ಅದು ವರ್ಷಗಳ ಹಿಂದೆ ಅವರು ಇಂಟರ್‌ನೆಟ್‌ಗೆ ಬಳಸುತ್ತಿದ್ದ ಯುಎಸ್‌ಬಿ ಡೇಟಾ ಕಾರ್ಡಿನದು. ಆ ಕಾರ್ಡ್ ಎಂದೋ ಕಸದ ಬುಟ್ಟಿ ಸೇರಿತ್ತು, ಡ್ರೈವರ್ ಮಾತ್ರ ಒಳಗೇ ಉಳಿದಿತ್ತು. ಯಂತ್ರದ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಅಡಗಿದ ಸಾಧನಗಳನ್ನು ತೋರಿಸುವ ಆಯ್ಕೆ ಒತ್ತಿದಾಗ ಅದು ಮಸುಕು ಬಣ್ಣದಲ್ಲಿ ಕಾಣಿಸಿಕೊಂಡಿತು. ಅದನ್ನೂ ಅದರ ಜೊತೆ ಬಂದಿದ್ದ ತಂತ್ರಾಂಶವನ್ನೂ ಕಿತ್ತುಹಾಕಿದ ಮೇಲೆ ಅಪ್‌ಗ್ರೇಡ್ ಯಾವ ಅಡ್ಡಿಯೂ ಇಲ್ಲದೆ ಮುಗಿಯಿತು. ಒಂದೇ ಒಂದು ಕಡತವೂ ಅಳಿಯಲಿಲ್ಲ.

ಡ್ರೈವರಿನ ತಕರಾರಿಗೆ ಇದೇ ದಾರಿಯನ್ನು ಯಾರಾದರೂ ಹಿಡಿಯಬಹುದು. ಕೀಬೋರ್ಡ್, ಮೌಸ್ ಬಿಟ್ಟು ಪ್ರಿಂಟರ್, ವೆಬ್‌ಕ್ಯಾಮ್, ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಎಲ್ಲವನ್ನೂ ತೆಗೆದಿಡಬೇಕು. ಹೊರಗಿನ ಕಂಪನಿಯ ಆ್ಯಂಟಿವೈರಸ್ ಮತ್ತು ವಿಪಿಎನ್ ತಂತ್ರಾಂಶಗಳನ್ನು ನಿಲ್ಲಿಸಿದರೆ ಸಾಲದು, ಆ ಹೊತ್ತಿಗೆ ತೆಗೆದೇ ಹಾಕಬೇಕು. ಪೆನ್‌ಡ್ರೈವ್ ತೆಗೆಯಿರಿ ಎಂಬ ಮಾತು ಅತಿ ಎಚ್ಚರಿಕೆಯೆನಿಸಬಹುದು. ಆದರೆ 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್‌ನಲ್ಲಿ, ಹೊರಗಿನ ಯುಎಸ್‌ಬಿ ಸಾಧನ ಅಥವಾ ಮೆಮೊರಿ ಕಾರ್ಡ್ ಸಿಕ್ಕಿಸಿದ್ದರೆ ಡ್ರೈವ್‌ಗಳ ಅಕ್ಷರಗಳು ಅದಲು ಬದಲಾಗುವ ಅಪಾಯವಿತ್ತೆಂದು ಮೈಕ್ರೋಸಾಫ್ಟ್ ತಾನೇ ಅಂಥ ಯಂತ್ರಗಳ ಅಪ್‌ಗ್ರೇಡನ್ನು ತಡೆಹಿಡಿದಿತ್ತು. ಹಳೆಯ ವ್ಯವಸ್ಥೆಯ ಕಡತಗಳೇ ಹಾಳಾಗಿರಬಹುದೆಂಬ ಅನುಮಾನವಿದ್ದರೆ, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮೊದಲು ‘ಡಿಸ್ಮ್’ ಸಲಕರಣೆಯ ‘ರಿಸ್ಟೋರ್ ಹೆಲ್ತ್’ ಆದೇಶವನ್ನು, ಆಮೇಲೆ ‘ಎಸ್‌ಎಫ್‌ಸಿ ಸ್ಕ್ಯಾನ್‌ನೌ’ ಆದೇಶವನ್ನು ನಡೆಸಿದರೆ ಬಹಳಷ್ಟು ದುರಸ್ತಿ ತಾನಾಗಿ ಆಗುತ್ತದೆ. ಎಲ್ಲ ಡ್ರೈವರ್‌ಗಳನ್ನೂ ಒಂದೇ ಗುಂಡಿಯಲ್ಲಿ ಹೊಸದು ಮಾಡಿಕೊಡುತ್ತೇವೆಂದು ಜಾಹೀರಾತು ಮಾಡುವ ತಂತ್ರಾಂಶಗಳನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಡ್ರೈವರ್ ಬೇಕಿದ್ದರೆ ಕಂಪ್ಯೂಟರ್ ತಯಾರಕರ ಜಾಲತಾಣದಲ್ಲಿ ಮಾದರಿ ಸಂಖ್ಯೆ ಕೊಟ್ಟು ಇಳಿಸಿಕೊಳ್ಳುವುದೇ ನಂಬಬಹುದಾದ ದಾರಿ.

ಜಾಗದ ಕೊರತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಿ ಡ್ರೈವಿನಲ್ಲಿ 25 ಜಿಬಿಯಾದರೂ ಖಾಲಿ ಇರಲಿ, ಡೌನ್‌ಲೋಡ್ಸ್ ಫೋಲ್ಡರನ್ನು ಬೇರೆಡೆಗೆ ಸಾಗಿಸಿದರೆ ಎಷ್ಟೋ ಬಾರಿ ಅಷ್ಟೇ ಸಾಕಾಗುತ್ತದೆ. ಸಿ ಡ್ರೈವ್ ಖಾಲಿಯಿದ್ದರೂ ‘ಸಿಸ್ಟಂ ರಿಸರ್ವ್ಡ್ ಪಾರ್ಟಿಷನ್ ಅಪ್‌ಡೇಟ್ ಮಾಡಲಾಗಲಿಲ್ಲ’ ಎಂಬ ಸಂದೇಶ ಬಂದರೆ, ಅದು ಬೂಟ್‌ಗಾಗಿಯೇ ಮೀಸಲಿಟ್ಟ, ಹಲವು ಯಂತ್ರಗಳಲ್ಲಿ ಕೇವಲ 100 ಎಂಬಿಯಷ್ಟಿರುವ ಬೇರೊಂದು ಭಾಗ ತುಂಬಿರುವುದರ ಸೂಚನೆ. ಅದನ್ನು ಸರಿಪಡಿಸಲು ಬರುತ್ತದೆ, ಆದರೆ ಅದು ಬಲ್ಲವರು ಮಾಡಬೇಕಾದ ಕೆಲಸ.

ವಿಂಡೋಸ್ 11ರ ವಿಷಯದಲ್ಲಿ ಅರ್ಹತೆಯದೇ ಒಂದು ದೊಡ್ಡ ಅಧ್ಯಾಯ. 2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ಈ ವ್ಯವಸ್ಥೆಗೆ 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಯುಇಎಫ್‌ಐ ಬೂಟ್ (ಕಂಪ್ಯೂಟರ್ ಚಾಲೂ ಆಗುವ ಹೊಸ ಪದ್ಧತಿ), ಸೆಕ್ಯೂರ್ ಬೂಟ್ (ನಂಬಬಹುದಾದ ತಂತ್ರಾಂಶದಿಂದ ಮಾತ್ರ ಚಾಲೂ ಆಗುವ) ಸೌಲಭ್ಯ ಮತ್ತು ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ಪೀಳಿಗೆಯಿಂದ ಈಚಿನ, ಎಎಂಡಿ ಆದರೆ ರೈಜೆನ್ 2000 ಸರಣಿಯಿಂದ ಈಚಿನ ಪ್ರೊಸೆಸರ್‌ಗಳು ಮಾತ್ರ ಪಟ್ಟಿಯಲ್ಲಿವೆ. ‘ನಿಮ್ಮ ಕಂಪ್ಯೂಟರಿನಲ್ಲಿ ಟಿಪಿಎಂ ಇಲ್ಲ’ ಎಂಬ ಸಂದೇಶವನ್ನು ನೋಡಿ ಹೊಸ ಕಂಪ್ಯೂಟರ್ ಕೊಳ್ಳಲು ಹೊರಟವರನ್ನು ನಾನು ಕಂಡಿದ್ದೇನೆ. ಎಷ್ಟೋ ಯಂತ್ರಗಳಲ್ಲಿ ಅದು ಇದ್ದೇ ಇರುತ್ತದೆ, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಚಾಲೂ ಆಗುವ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ತಂತ್ರಾಂಶದಲ್ಲಿ) ಆಫ್ ಆಗಿರುತ್ತದೆ, ಅಷ್ಟೆ. ಇಂಟೆಲ್ ಯಂತ್ರಗಳಲ್ಲಿ ‘ಪಿಟಿಟಿ’ ಎಂದೂ ಎಎಂಡಿ ಯಂತ್ರಗಳಲ್ಲಿ ‘ಎಫ್‌ಟಿಪಿಎಂ’ ಎಂದೂ ಅದರ ಹೆಸರಿರುತ್ತದೆ.

ಆದರೆ ಇಲ್ಲಿಯೇ ಒಂದು ಹಳ್ಳವಿದೆ, ಬಹಳ ಜನ ಬೀಳುವುದೂ ಇಲ್ಲಿಯೇ. ಸೆಕ್ಯೂರ್ ಬೂಟ್ ಬೇಕೆಂದು ಯಾರೋ ಹೇಳಿದ್ದನ್ನು ಕೇಳಿ ಬಯಾಸ್‌ನಲ್ಲಿ ‘ಲೆಗಸಿ’ (ಹಳೆಯ ಬೂಟ್ ಪದ್ಧತಿ) ಇದ್ದದ್ದನ್ನು ‘ಯುಇಎಫ್‌ಐ’ಗೆ ಬದಲಿಸಿ ಉಳಿಸಿದೊಡನೆ ಕಂಪ್ಯೂಟರ್ ಬೂಟ್ ಆಗುವುದನ್ನೇ ನಿಲ್ಲಿಸುತ್ತದೆ. ಡಿಸ್ಕ್ ಹೋಯಿತೆಂದು ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಡಿಸ್ಕ್ ಎಲ್ಲಿಗೂ ಹೋಗಿರುವುದಿಲ್ಲ. ಹಳೆಯ ‘ಎಂಬಿಆರ್’ ಪದ್ಧತಿಯಲ್ಲಿ ವಿಭಾಗಿಸಿದ ಡಿಸ್ಕಿನಿಂದ ವಿಂಡೋಸ್ ಯುಇಎಫ್‌ಐ ಬೂಟ್ ಮಾಡಲಾರದು, ಅಷ್ಟೇ ವಿಷಯ. ಬಯಾಸ್‌ಗೆ ಹೋಗಿ ಮತ್ತೆ ಲೆಗಸಿಗೆ ತಂದರೆ ಎಲ್ಲವೂ ಮೊದಲಿನಂತಾಗುತ್ತದೆ. ಆಮೇಲೆ, ಕಡತಗಳ ನಕಲು ಬೇರೆಡೆ ಇದೆಯೆಂದು ಖಚಿತಪಡಿಸಿಕೊಂಡು, ವಿಂಡೋಸ್ 10ರಲ್ಲಿ 2017ರಿಂದಲೇ ಜೊತೆಗೆ ಬರುತ್ತಿರುವ ‘ಎಂಬಿಆರ್2ಜಿಪಿಟಿ’ ಸಲಕರಣೆಯನ್ನು ಮೊದಲು ‘ವ್ಯಾಲಿಡೇಟ್’ ಆಯ್ಕೆಯೊಂದಿಗೆ ನಡೆಸಿ ಡಿಸ್ಕ್ ಪರಿವರ್ತನೆಗೆ ಯೋಗ್ಯವೇ ಎಂದು ನೋಡಬೇಕು. ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್‌ಗಳಿದ್ದರೆ (ಡಿಸ್ಕಿನ ಮುಖ್ಯ ಭಾಗಗಳಿದ್ದರೆ) ಅದು ಒಪ್ಪುವುದಿಲ್ಲ. ಒಪ್ಪಿದರೆ ‘ಕನ್ವರ್ಟ್’ ಆಯ್ಕೆಯಿಂದ ಕಡತಗಳನ್ನು ಅಳಿಸದೆಯೇ ಡಿಸ್ಕನ್ನು ‘ಜಿಪಿಟಿ’ ಎಂಬ ಹೊಸ ವಿಭಾಗ ಪದ್ಧತಿಗೆ ಬದಲಿಸುತ್ತದೆ. ಬಯಾಸ್‌ನಲ್ಲಿ ಯುಇಎಫ್‌ಐ ಆಯ್ಕೆ ಮಾಡಬೇಕಾದದ್ದು ಅದಾದ ಮೇಲೆ. ಈ ಹಿಂದುಮುಂದಾದ ಒಂದು ಹೆಜ್ಜೆಗಾಗಿಯೇ ಎಷ್ಟೋ ಡಿಸ್ಕ್‌ಗಳು ಫಾರ್ಮ್ಯಾಟ್ ಆಗಿವೆ ಎಂಬುದು ಬೇಸರದ ಸಂಗತಿ.

ಬಯಾಸ್‌ಗೆ ಕೈಹಾಕುವ ಮುನ್ನ ನೋಡಬೇಕಾದ ಇನ್ನೊಂದು ಸಂಗತಿ ಬಿಟ್‌ಲಾಕರ್. ಬಹಳಷ್ಟು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇದು, ಅಂದರೆ ಡಿಸ್ಕಿನ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಯಾರೂ ಓದಲಾಗದಂತೆ ಮಾಡುವ ಏರ್ಪಾಡು), ಒಡೆಯರಿಗೆ ಅರಿವಿಲ್ಲದೆಯೇ ಚಾಲೂ ಆಗಿರುತ್ತದೆ. ಟಿಪಿಎಂ ಅಥವಾ ಸೆಕ್ಯೂರ್ ಬೂಟ್‌ನ ಸೆಟ್ಟಿಂಗ್ ಬದಲಾದೊಡನೆ ಅದು ಯಾರೋ ಯಂತ್ರವನ್ನು ಕೆಣಕುತ್ತಿದ್ದಾರೆಂದು ಭಾವಿಸಿ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಆದರೆ ಆ ಖಾತೆಯೊಳಗೆ ಹೋಗಲು ಯಾವ ದಾರಿಯೂ ಉಳಿಯದೆ, ಕೀ ಬೇರೆಲ್ಲೂ ಸಿಗದಿದ್ದರೆ ಡಿಸ್ಕಿನಲ್ಲಿರುವುದನ್ನು ಜಗತ್ತಿನ ಯಾವ ತಂತ್ರಜ್ಞರೂ ತೆರೆದುಕೊಡಲಾರರು. ಈ ಪತ್ರದಲ್ಲಿ ನಾನು ಹೇಳುತ್ತಿರುವ ತೊಂದರೆಗಳಲ್ಲಿ ನಿಜಕ್ಕೂ ಪರಿಹಾರವಿಲ್ಲದ್ದು ಇದೊಂದೇ. ಆದ್ದರಿಂದ ಅಪ್‌ಗ್ರೇಡ್‌ಗೆ ಮೊದಲು ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಕಂಪ್ಯೂಟರಿನಿಂದ ದೂರ ಇಡಬೇಕು, ಬಯಾಸ್ ಬದಲಿಸುವ ಮುನ್ನ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು.

ಬ್ಯಾಕಪ್ ಎಂಬ ಮಾತನ್ನು ಎಲ್ಲರೂ ಕೇಳಿದ್ದಾರೆ, ಮಾಡುವವರು ಕಡಿಮೆ. ಅಪ್‌ಗ್ರೇಡ್ ಹಿಂದಕ್ಕೆ ಮರಳುವ ಏರ್ಪಾಡು ಇದೆಯೆಂದು ಮೇಲೆ ಬರೆದಿದ್ದೇನೆ ನಿಜ. ಆದರೂ ಅದನ್ನು ಬ್ಯಾಕಪ್ ಎಂದುಕೊಳ್ಳಬಾರದು. 2018ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ 10ರ 1809ನೇ ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳಲ್ಲಿದ್ದ ಕಡತಗಳನ್ನೇ ಅಳಿಸಿಹಾಕಿತ್ತು. ಕಂಪನಿ ಕೆಲವೇ ದಿನಗಳಲ್ಲಿ ಅದರ ವಿತರಣೆಯನ್ನು ನಿಲ್ಲಿಸಿ, ಸರಿಪಡಿಸಿ, ನವೆಂಬರಿನಲ್ಲಿ ಮತ್ತೆ ಬಿಡುಗಡೆ ಮಾಡಬೇಕಾಯಿತು. ತಯಾರಕರಿಂದಲೇ ಇಂಥದ್ದು ನಡೆದಿರುವಾಗ, ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ನಕಲಿನ ಒಂದೆರಡು ಕಡತಗಳನ್ನು ತೆರೆದು ನೋಡಿದ ಮೇಲೆಯೇ ಮುಂದುವರಿಯುವುದು ಒಳ್ಳೆಯದು. ಡಿ ಡ್ರೈವಿಗೆ ನಕಲು ಮಾಡಿ ನಿಶ್ಚಿಂತರಾಗುವವರಿದ್ದಾರೆ. ಸಿ ಮತ್ತು ಡಿ ಎರಡೂ ಒಂದೇ ಡಿಸ್ಕಿನ ಭಾಗಗಳಾಗಿದ್ದರೆ ಅದು ಬ್ಯಾಕಪ್ ಅಲ್ಲ.

ಸಣ್ಣದೆನಿಸುವ, ಆದರೆ ಅನೇಕರನ್ನು ಫಾರ್ಮ್ಯಾಟ್‌ನತ್ತ ತಳ್ಳುವ ಇನ್ನೊಂದು ಕಾರಣ ಭಾಷೆಯ ಹೊಂದಾಣಿಕೆ. ಡೌನ್‌ಲೋಡ್ ಮಾಡಿದ, ಇಡೀ ವಿಂಡೋಸ್ ಒಂದೇ ಕಡತವಾಗಿ ಬರುವ ಐಎಸ್‌ಒ ಕಡತದಿಂದ ಅಪ್‌ಗ್ರೇಡ್ ಮಾಡಲು ಹೊರಟಾಗ ‘ಕಡತಗಳನ್ನೂ ತಂತ್ರಾಂಶಗಳನ್ನೂ ಉಳಿಸಿಕೊಳ್ಳಿ’ ಎಂಬ ಆಯ್ಕೆ ಮಸುಕಾಗಿ, ಒತ್ತಲು ಬಾರದಂತೆ ಕಾಣುತ್ತದೆ. ಯಂತ್ರದಲ್ಲಿರುವುದು ಬ್ರಿಟಿಷ್ ಇಂಗ್ಲಿಷ್ ಆವೃತ್ತಿಯಾಗಿದ್ದು ಇಳಿಸಿಕೊಂಡದ್ದು ಅಮೆರಿಕನ್ ಇಂಗ್ಲಿಷ್ ಆಗಿದ್ದರೆ ಹೀಗಾಗುತ್ತದೆ. ಹೊಂದುವ ಭಾಷೆಯ ಐಎಸ್‌ಒ ಇಳಿಸಿಕೊಂಡರೆ ಆಯ್ಕೆ ತಾನಾಗಿ ತೆರೆದುಕೊಳ್ಳುತ್ತದೆ.

ಅಪ್‌ಗ್ರೇಡ್ ಯಶಸ್ವಿಯಾದ ಮೇಲೆ ಬರುವ ತೊಂದರೆಗಳೂ ಉಂಟು. ವೈಫೈ ಕಾಣುವುದಿಲ್ಲ, ಸದ್ದು ಬರುವುದಿಲ್ಲ, ಹಳೆಯ ಸ್ಕ್ಯಾನರ್ ಗುರುತು ಹಿಡಿಯುವುದಿಲ್ಲ. ವೈಫೈ ಇಲ್ಲದಿದ್ದರೆ ವೈಫೈ ಡ್ರೈವರನ್ನು ಇಳಿಸಿಕೊಳ್ಳುವುದೂ ಸಾಧ್ಯವಿಲ್ಲವಾದ್ದರಿಂದ ಅದನ್ನು ಮೊದಲೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿರಬೇಕು. ಯಾವುದೂ ಸರಿಹೋಗದಿದ್ದರೆ, ಮೊದಲ 10 ದಿನಗಳೊಳಗೆ ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದಿಂದ ಹಳೆಯ ವಿಂಡೋಸ್‌ಗೆ ಮರಳಬಹುದು. ಬೇಕೆನಿಸಿದರೆ ಈ ಅವಧಿಯನ್ನು ಆ ಹತ್ತು ದಿನಗಳು ಮುಗಿಯುವ ಮುನ್ನವೇ ಡಿಸ್ಮ್ ಆದೇಶದಿಂದ 60 ದಿನಗಳವರೆಗೆ ಹೆಚ್ಚಿಸಿಕೊಳ್ಳಲೂ ಬರುತ್ತದೆ. ಮರಳುವ ಈ ದಾರಿ ಹಳೆಯ ವಿಂಡೋಸನ್ನು ಉಳಿಸಿಟ್ಟಿರುವ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರನ್ನು ಅವಲಂಬಿಸಿದೆ. ಜಾಗ ಉಳಿಸಲೆಂದು ಮರುದಿನವೇ ಅದನ್ನು ಅಳಿಸಿದರೆ ಆ ದಾರಿ ಮುಚ್ಚುತ್ತದೆ.

ಲಿನಕ್ಸ್ ಬಳಸುವವರೂ ಇದರಿಂದ ಹೊರತಲ್ಲ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲಿ ಬೂಟ್ ಪಾರ್ಟಿಷನ್ ಹಳೆಯ ಕರ್ನಲ್‌ಗಳಿಂದ (ವ್ಯವಸ್ಥೆಯ ತಿರುಳು ಭಾಗಗಳಿಂದ) ತುಂಬಿರುವುದು, ಹೊರಗಿನ ಮೂಲಗಳಿಂದ ಸೇರಿಸಿದ ಪ್ಯಾಕೇಜ್‌ಗಳು ಹೊಸ ಆವೃತ್ತಿಗೆ ಹೊಂದದಿರುವುದು, ಎನ್ವಿಡಿಯಾ ಗ್ರಾಫಿಕ್ಸ್ ಡ್ರೈವರಿನಿಂದಾಗಿ ಕಪ್ಪು ಪರದೆ ಬರುವುದು ಸಾಮಾನ್ಯ. ಕೊನೆಯದಕ್ಕೆ ಬೂಟ್ ಆಯ್ಕೆಯಲ್ಲಿ ‘ನೋಮೋಡ್‌ಸೆಟ್’ ಸೇರಿಸಿ ಒಳಹೊಕ್ಕು ಡ್ರೈವರ್ ಬದಲಿಸಬಹುದು. ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾ ಆವೃತ್ತಿಯಿಂದ 32 ಬಿಟ್ ತಂತ್ರಾಂಶಗಳು ನಡೆಯುವುದಿಲ್ಲವೆಂಬುದು ಅಪ್‌ಗ್ರೇಡ್ ಆದ ಮೇಲೆ ತಿಳಿದು ಪೇಚಾಡಿದವರಿದ್ದಾರೆ. ಅಲ್ಲಿಯೂ ಮ್ಯಾಕ್‌ನದೇ ಆದ ಟೈಮ್ ಮಷಿನ್ ಬ್ಯಾಕಪ್ ಇದ್ದವರು ಹಿಂದಕ್ಕೆ ಹೋಗಬಲ್ಲರು.

ಫಾರ್ಮ್ಯಾಟ್ ಎಂದೂ ಬೇಡವೆಂದು ನನ್ನ ವಾದವಲ್ಲ. 32 ಬಿಟ್ ವಿಂಡೋಸ್‌ನಿಂದ, ಅಥವಾ ವಿಂಡೋಸ್ 7ರಿಂದ ನೇರವಾಗಿ 11ಕ್ಕೆ ಹೋಗಬೇಕಾದರೆ ಹೊಸದಾಗಿ ಸ್ಥಾಪಿಸದೆ ವಿಧಿಯಿಲ್ಲ. ಡಿಸ್ಕೇ ಸಾಯುತ್ತಿದ್ದರೆ ಅಪ್‌ಗ್ರೇಡ್‌ನ ಮಾತು ಬಿಟ್ಟು ಮೊದಲು ಕಡತಗಳನ್ನು ಹೊರತೆಗೆಯಬೇಕು. 4 ಜಿಬಿ ರ‍್ಯಾಮ್ ಮತ್ತು ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಕಾಗದದ ಮೇಲೆ ಅರ್ಹತೆಯಿದ್ದರೂ, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಡಿಸ್ಕ್) ಹಾಕದೆ ವಿಂಡೋಸ್ 11 ಹಾಕುವುದು ಬಳಸುವವರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಅರ್ಹತೆಯ ಪರೀಕ್ಷೆಯನ್ನು ತಪ್ಪಿಸಿ ಒಳನುಗ್ಗಿಸುವ ಉಪಾಯಗಳನ್ನೂ ನಾನು ಬೇರೆಯವರ ಯಂತ್ರದಲ್ಲಿ ಮಾಡುವುದಿಲ್ಲ. ಅಂಥ ಯಂತ್ರಗಳಿಗೆ ಅಪ್‌ಡೇಟ್ ಸಿಗುವ ಖಾತರಿಯಿಲ್ಲ, ತೀರ ಹಳೆಯ ಪ್ರೊಸೆಸರ್‌ಗಳಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬೂಟ್ ಕೂಡ ಆಗುವುದಿಲ್ಲ. ನನ್ನ ಆಕ್ಷೇಪವಿರುವುದು, ಕಾರಣ ಹುಡುಕದೆ, ಕಡತ ತೆಗೆದಿಡದೆ ಮಾಡುವ ಫಾರ್ಮ್ಯಾಟ್‌ಗೆ. ಬೂಟ್ ಆಗದ ಕಂಪ್ಯೂಟರಿನಲ್ಲೂ ಕಡತಗಳು ಇದ್ದಲ್ಲೇ ಇರುತ್ತವೆ. ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿಯೋ, ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಸಿಕ್ಕಿಸಿಯೋ ಅವನ್ನು ತೆಗೆಯಬಹುದು, ಎನ್‌ಕ್ರಿಪ್ಷನ್ ಇದ್ದರೆ ಕೀ ಬೇಕಾಗುತ್ತದೆ. ಎಸ್‌ಎಸ್‌ಡಿಯನ್ನು ಫಾರ್ಮ್ಯಾಟ್ ಮಾಡಿದ ಮೇಲಾದರೋ, ಬಳಕೆಯಲ್ಲಿಲ್ಲದ ಜಾಗವನ್ನು ಒರೆಸಿಹಾಕುವ ‘ಟ್ರಿಮ್’ ಎಂಬ ಅದರ ಸ್ವಭಾವದಿಂದಾಗಿ ಅಳಿದದ್ದನ್ನು ಮರಳಿ ಪಡೆಯುವುದು ಬಹುತೇಕ ಅಸಾಧ್ಯ.

ದುರಸ್ತಿ ಮಾಡುವ ನನ್ನ ವೃತ್ತಿಬಾಂಧವರ ಕಷ್ಟ ನನಗೆ ಗೊತ್ತು. ಲಾಗ್ ಓದುವುದಕ್ಕೆ ಹೊತ್ತು ಹಿಡಿಯುತ್ತದೆ, ಫಾರ್ಮ್ಯಾಟ್‌ಗೆ ಅಷ್ಟು ಹೊತ್ತು ಬೇಡ. ಆದರೆ ಉಳಿದ ಹೊತ್ತು ದುರಸ್ತಿಯವರದು, ಆದ ನಷ್ಟ ಒಡೆಯರದು. ಈ ಲೆಕ್ಕ ಸರಿಯಲ್ಲ. ಫಾರ್ಮ್ಯಾಟ್ ಮಾಡುವ ಮುನ್ನ ಯಾವ ದೋಷಸಂಖ್ಯೆ ಬಂದಿತ್ತು, ಯಾವ ಕಡತಗಳನ್ನು ಎಲ್ಲಿಗೆ ನಕಲು ಮಾಡಲಾಗಿದೆ ಎಂಬುದನ್ನು ಬರೆದುಕೊಟ್ಟು ಒಡೆಯರ ಒಪ್ಪಿಗೆ ಪಡೆಯುವುದು ನಮ್ಮ ವೃತ್ತಿಯಲ್ಲಿ ರೂಢಿಯಾಗಬೇಕು.

ತಯಾರಕರ ಹೊಣೆ ಇದಕ್ಕಿಂತ ದೊಡ್ಡದು. 2015ರಲ್ಲಿ ವಿಂಡೋಸ್ 10 ಬಂದ ಹೊಸದರಲ್ಲಿ ಅಪ್‌ಗ್ರೇಡ್ ನಿಂತಾಗ ‘ಏನೋ ಆಯಿತು’ ಎಂಬಷ್ಟೇ ಅರ್ಥದ ಎರಡು ಪದಗಳ ಸಂದೇಶ ಕಾಣಿಸುತ್ತಿತ್ತು. ಈಗ ಅದರ ಜಾಗದಲ್ಲಿ ಸಂಖ್ಯೆಗಳು ಬರುತ್ತವೆ, ಬಳಸುವವರಿಗೆ ಎರಡೂ ಒಂದೇ. ಯಾವ ಡ್ರೈವರ್ ಅಡ್ಡ ಬಂತೆಂಬುದು ಯಂತ್ರಕ್ಕೆ ಗೊತ್ತಿದೆ, ಅದನ್ನು ಕಡತದಲ್ಲಿ ಬರೆದೂ ಇಡುತ್ತದೆ. ‘ಈ ಹೆಸರಿನ ಡ್ರೈವರ್ ತೆಗೆದು ಮತ್ತೆ ಪ್ರಯತ್ನಿಸಿ, ನಿಮ್ಮ ಕಡತಗಳು ಸುರಕ್ಷಿತವಾಗಿವೆ’ ಎಂದು ಬಳಕೆದಾರರ ಭಾಷೆಯಲ್ಲಿ, ಪರದೆಯ ಮೇಲೆಯೇ ಹೇಳಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ. ಇದನ್ನು ಬಳಕೆದಾರರು ಫೀಡ್‌ಬ್ಯಾಕ್ ಮೂಲಕ ಒತ್ತಾಯಿಸಬೇಕೆಂದು ಕೋರುತ್ತೇನೆ. ಅದು ಆಗುವವರೆಗೆ, ಮೇಲೆ ಹೇಳಿದ ದೋಷಸಂಖ್ಯೆಗಳ ಅರ್ಥವನ್ನು ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ, ಕತ್ತರಿಸಿ ಇಟ್ಟುಕೊಳ್ಳಬಹುದಾದಂತೆ ಚೌಕಟ್ಟಿನಲ್ಲಿ ಪ್ರಕಟಿಸಬೇಕೆಂದು ತಮ್ಮಲ್ಲಿ ವಿನಂತಿ.

ಇತಿ,
ತಮ್ಮ ಪತ್ರಿಕೆಯ ಓದುಗ